ಟ್ರೇನರ್ ಲೆಕ್ಕ ನೋಡಿ ರೇಸ್ ಆಡಿದರೆ ಲಾಭ ಇದೆಯಾ? ದಾವಣಗೆರೆ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಗಲೆಲ್ಲಾ ಮೆಕ್ಕೆಜೋಳದ ಚೀಲ, ತೂಕ, ತೇವಾಂಶ, ಹಮಾಲಿ. ರಾತ್ರಿ ಊಟ ಆದ ಮೇಲೆ ಇನ್ನೊಂದು ಪುಸ್ತಕ ತೆಗೆಯುತ್ತೇನೆ. ಅದರಲ್ಲಿ ಬೆಂಗಳೂರು, ಮೈಸೂರು ರೇಸಿನ ಟ್ರೇನರ್‌ಗಳ ಲೆಕ್ಕ ಇದೆ. ಯಾವ ಟ್ರೇನರ್ ಕುದುರೆ, ಎಷ್ಟು ದಿನದ ಬಿಡುವಿನ ಮೇಲೆ, ಯಾವ ಭಾವಕ್ಕೆ (ಗೆದ್ದರೆ ರೂಪಾಯಿಗೆ ಎಷ್ಟು ಲಾಭ ಅನ್ನುವ ದರ), ಎಷ್ಟನೇ ಸ್ಥಾನ. ಈ ಪುಸ್ತಕದ ಸುದ್ದಿ ಗೊತ್ತಿರುವ ಗೆಳೆಯರು ಮಂಡಿಪೇಟೆಯಲ್ಲಿ ಸಿಕ್ಕರೂ ಅದೇ ಪ್ರಶ್ನೆ, ಮಿರ್ಚಿ ಮಂಡಕ್ಕಿ ತಿನ್ನುವಾಗಲೂ ಅದೇ ಪ್ರಶ್ನೆ. ಹರಿಹರ, ಚಿತ್ರದುರ್ಗದಿಂದ ಫೋನ್ ಮಾಡುವವರೂ ಇದ್ದಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಇರಲಿ ಅಂತ ಬರೆದಿದ್ದೇನೆ.

ಓಡುವುದು ಕುದುರೆ, ಓಡಿಸುವುದು ಜಾಕಿ. ಟ್ರೇನರ್ ಲೆಕ್ಕ ಯಾಕೆ?

ಜಾಕಿ ಕುದುರೆ ಮೇಲೆ ಕೂರುವುದು ಒಂದೆರಡು ನಿಮಿಷ. ಟ್ರೇನರ್ ಹತ್ತಿರ ಅದು ವರ್ಷಗಟ್ಟಲೆ ಇರುತ್ತದೆ. ಅದಕ್ಕೆ ಏನು ತಿನ್ನಿಸಬೇಕು, ಬೆಳಿಗ್ಗೆ ಎಷ್ಟು ಓಡಿಸಬೇಕು, ಕಾಲು ಬಿಸಿಯಾಗಿದ್ದರೆ ಎಷ್ಟು ದಿನ ನಿಲ್ಲಿಸಬೇಕು, ಯಾವ ರೇಸಿಗೆ ಹೆಸರು ಕೊಡಬೇಕು, 1,200 ಮೀಟರಿಗೋ 1,600 ಮೀಟರಿಗೋ, ಯಾವ ಜಾಕಿಯನ್ನು ಕರೆಯಬೇಕು, ಎಲ್ಲವನ್ನೂ ತೀರ್ಮಾನಿಸುವುದು ಅವರೇ. ಮನುಷ್ಯನಿಗೆ ರೂಢಿ ಅಂತ ಒಂದು ಇರುತ್ತದೆ. ಒಬ್ಬರು ಕುದುರೆಯನ್ನು ಪೂರ್ತಿ ತಯಾರು ಮಾಡಿಯೇ ಮೊದಲ ಓಟಕ್ಕೆ ತರುತ್ತಾರೆ. ಇನ್ನೊಬ್ಬರು ಒಂದೆರಡು ಓಟ ಓಡಿಸಿ, ಅದರಲ್ಲೇ ಹದ ಮಾಡುತ್ತಾರೆ. ಈ ರೂಢಿ ಲೆಕ್ಕದಲ್ಲಿ ಕಾಣುತ್ತದೆ. ಒಂದು ಕುದುರೆ ಓಡುವುದು ವರ್ಷಕ್ಕೆ ಕೆಲವೇ ಸಲ, ಅದರದ್ದೇ ಲೆಕ್ಕ ಸಣ್ಣದು. ಟ್ರೇನರ್ ಹೆಸರಿನಲ್ಲಿ ನೂರಾರು ಓಟ ಸಿಗುತ್ತವೆ. ನಾನು ಟ್ರೇನರ್ ಲೆಕ್ಕ ಹಿಡಿದದ್ದು ಅದಕ್ಕೇ.

ಜಾಸ್ತಿ ಗೆಲ್ಲುವ ಟ್ರೇನರ್‌ನ ಎಲ್ಲಾ ಕುದುರೆಗೂ ಕಟ್ಟಿಬಿಟ್ಟರೆ ಆಯ್ತಲ್ವಾ?

ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ನಾನೂ ಇಲ್ಲೇ ಎಡವಿದ್ದೆ.

ನಮ್ಮ ಎಪಿಎಂಸಿಯಲ್ಲಿ ನೋಡಿ. ಒಬ್ಬ ರೈತನ ಜೋಳ ಪ್ರತಿ ವರ್ಷ ಚೆನ್ನಾಗಿ ಒಣಗಿರುತ್ತದೆ, ಕಾಳು ದಪ್ಪ, ಕಸ ಕಡಿಮೆ. ಇದು ಇಡೀ ಮಂಡಿಗೆ ಗೊತ್ತು. ಹಾಗಾಗಿ ಟೆಂಡರಿನಲ್ಲಿ ಆ ರಾಶಿಗೆ ಆಗಲೇ ಜಾಸ್ತಿ ಬೆಲೆ ಬಿದ್ದಿರುತ್ತದೆ. ಮಾಲು ಒಳ್ಳೆಯದೇ, ಆದರೆ ಆ ಬೆಲೆಗೆ ಕೊಂಡವನಿಗೆ ಉಳಿಯುವುದೇನು? ಲಾಭ ಇರುವುದು ಮಾಲು ಒಳ್ಳೆಯದಿದ್ದೂ ಬೇರೆಯವರು ಗಮನಿಸದೆ ಬಿಟ್ಟ ರಾಶಿಯಲ್ಲಿ.

ರೇಸಿನಲ್ಲೂ ಅಷ್ಟೇ. ಎಸ್. ಪದ್ಮನಾಭನ್, ಪೆಸಿ ಶ್ರಾಫ್ ಅಂತಹ ಟ್ರೇನರ್‌ಗಳ ದೊಡ್ಡ ಹೆಸರು ಆ ದಿನದ ರೇಸ್ ಪಟ್ಟಿಯಲ್ಲಿ (ಕಾರ್ಡ್) ಕಂಡರೆ ಜನ ತಾವಾಗಿಯೇ ಆ ಕಡೆ ವಾಲುತ್ತಾರೆ. ಭಾವ ಇಳಿಯುತ್ತದೆ. ಸುಮ್ನೆ ಒಂದು ಲೆಕ್ಕ ಹಾಕೋಣ. ಒಬ್ಬ ಟ್ರೇನರ್ 100 ಓಟದಲ್ಲಿ 25 ಗೆಲ್ಲುತ್ತಾರೆ, ಗೆದ್ದ ಕುದುರೆಗಳ ಭಾವ ಸರಾಸರಿ 2ಕ್ಕೆ 1, ಅಂದರೆ 1 ರೂಪಾಯಿ ಕಟ್ಟಿದರೆ 2 ರೂಪಾಯಿ ಲಾಭ, ಅಸಲೂ ವಾಪಸ್. ಪ್ರತಿ ಓಟಕ್ಕೂ 100 ರೂಪಾಯಿ ಕಟ್ಟಿದರೆ ಹೋಗುವುದು 10,000. ವಾಪಸ್ ಬರುವುದು 25 ಸಲ 300, ಅಂದರೆ 7,500. ನಷ್ಟ 2,500. ಇನ್ನೊಬ್ಬರು 100ರಲ್ಲಿ 10 ಮಾತ್ರ ಗೆಲ್ಲುತ್ತಾರೆ, ಆದರೆ ಸರಾಸರಿ ಭಾವ 12ಕ್ಕೆ 1. ವಾಪಸ್ ಬರುವುದು 10 ಸಲ 1,300, ಅಂದರೆ 13,000. ಲಾಭ 3,000. ಹೆಚ್ಚು ಗೆದ್ದವರ ಕಡೆ ನಷ್ಟ, ಕಡಿಮೆ ಗೆದ್ದವರ ಕಡೆ ಲಾಭ. (ಈ 3,000 ನೆನಪಿಟ್ಟುಕೊಳ್ಳಿ, ಮುಂದೆ ತೆರಿಗೆ ಮಾತು ಬಂದಾಗ ಬೇಕಾಗುತ್ತದೆ.)

ಹಾಗಾದರೆ ಯಾವ ಅಂಕಿ ನೋಡಬೇಕು?

ಎಷ್ಟು ಗೆದ್ದರು ಅನ್ನುವುದನ್ನು, ಎಷ್ಟು ಗೆಲ್ಲುತ್ತಾರೆ ಅಂತ ಭಾವ ಹೇಳಿತ್ತೋ ಅದರ ಪಕ್ಕ ಇಟ್ಟು ನೋಡಬೇಕು.

ಪ್ರತಿ ಭಾವದ ಒಳಗೂ ಒಂದು ಅಂದಾಜು ಕೂತಿರುತ್ತದೆ. ಇವನ್ಸ್ (1ಕ್ಕೆ 1) ಅಂದರೆ ಎರಡರಲ್ಲಿ ಒಂದು ಸಲ ಗೆಲ್ಲಬೇಕು, 0.50. 3ಕ್ಕೆ 1 ಅಂದರೆ 0.25. 4ಕ್ಕೆ 1 ಅಂದರೆ 0.20. 9ಕ್ಕೆ 1 ಅಂದರೆ 0.10. 19ಕ್ಕೆ 1 ಅಂದರೆ 0.05. ಒಬ್ಬ ಟ್ರೇನರ್ ಈ ಐದು ಭಾವದ ಐದು ಕುದುರೆ ಓಡಿಸಿದರು ಅಂದುಕೊಳ್ಳಿ. ಕೂಡಿದರೆ 1.10. ಅಂದರೆ ಭಾವದ ಪ್ರಕಾರ ಅವರಿಂದ ಒಂದು ಗೆಲುವಿಗಿಂತ ಚೂರು ಜಾಸ್ತಿ ಬರಬೇಕಿತ್ತು. ಒಂದೇ ಬಂದರೆ, 1ನ್ನು 1.10ರಿಂದ ಭಾಗಿಸಿ, 0.91. ಎರಡು ಬಂದರೆ 1.82. ನೂರಾರು ಓಟದ ಮೇಲೆ ಈ ಸಂಖ್ಯೆ 1ರ ಹತ್ತಿರ ಇದ್ದರೆ ಜನಕ್ಕೆ ಆ ಟ್ರೇನರ್ ಬಗ್ಗೆ ಸರಿಯಾಗಿಯೇ ಗೊತ್ತಿದೆ ಅಂತ ಅರ್ಥ. 1ಕ್ಕಿಂತ ಚೆನ್ನಾಗಿ ಮೇಲಿದ್ದರೆ ಜನ ಅವರನ್ನು ಕಡಿಮೆ ಅಂದಾಜು ಮಾಡುತ್ತಿದ್ದಾರೆ. ನಾವು ಹುಡುಕುವುದು ಇದನ್ನೇ.

ಒಂದು ತಿದ್ದುಪಡಿ ಇದೆ. ಒಂದು ರೇಸಿನ ಎಲ್ಲಾ ಕುದುರೆಗಳ ಅಂದಾಜು ಶೇಕಡಾ ಲೆಕ್ಕದಲ್ಲಿ ಕೂಡಿ ನೋಡಿ, 100 ಬರುವುದಿಲ್ಲ. 115, 120 ಹೀಗೆ ಬರುತ್ತದೆ. ಮೇಲಿನದ್ದು ಬುಕ್ಕಿಯ ಪಾಲು. ಹಾಗಾಗಿ ಪ್ರತಿ ಕುದುರೆಯ ಅಂದಾಜನ್ನೂ ಆ ಮೊತ್ತದಿಂದ ಭಾಗಿಸಬೇಕು. ಮೊತ್ತ 120 ಇದ್ದರೆ ಇವನ್ಸ್ ಕುದುರೆಯ ನಿಜವಾದ ಅಂದಾಜು 50 ಅಲ್ಲ, ಸುಮಾರು 42.

ಇನ್ನೊಂದು ವಿಷಯ. 1949ರಲ್ಲಿ ಗ್ರಿಫಿತ್ ಅನ್ನುವ ಸಂಶೋಧಕರು ಅಮೆರಿಕದ ರೇಸ್ ಲೆಕ್ಕ ನೋಡಿ ಬರೆದದ್ದು: ಜನ ದೊಡ್ಡ ಭಾವದ ಕುದುರೆಗಳಿಗೆ ಬೇಕಾದ್ದಕ್ಕಿಂತ ಜಾಸ್ತಿ ದುಡ್ಡು ಹಾಕುತ್ತಾರೆ, ಎಲ್ಲರೂ ಗೆಲ್ಲುತ್ತದೆ ಅನ್ನುವ ಫೇವರಿಟ್‌ಗಳಿಗೆ ಕಡಿಮೆ. ಆಮೇಲೆ ಬೇರೆ ದೇಶಗಳಲ್ಲೂ ಇದೇ ಕಂಡಿದೆ. ಆದ್ದರಿಂದ 30ಕ್ಕೆ 1, 50ಕ್ಕೆ 1 ಕುದುರೆಗಳನ್ನೇ ಜಾಸ್ತಿ ಓಡಿಸುವ ಸಣ್ಣ ಟ್ರೇನರ್‌ನ ಸಂಖ್ಯೆ 1ಕ್ಕಿಂತ ಕೆಳಗೆ ಬಂದರೆ ಅವರ ಕೆಲಸ ಕೆಟ್ಟದು ಅಂತ ಹೇಳಬೇಡಿ. ಆ ಭಾವದ ಕುದುರೆಗಳಿಗೆಲ್ಲಾ ಅದೇ ಗತಿ.

ಎಷ್ಟು ಓಟದ ಲೆಕ್ಕ ಇದ್ದರೆ ನಂಬಬಹುದು?

ನೀವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ ಬೇಕು.

ನಾನು ಪುಸ್ತಕ ಶುರು ಮಾಡಿದ ಎರಡನೇ ವರ್ಷ ಒಂದು ಹಾಳೆ ಕಣ್ಣಿಗೆ ಬಿತ್ತು. ಒಬ್ಬ ಟ್ರೇನರ್, ದೀರ್ಘ ಬಿಡುವಿನ ಮೇಲೆ ಬಂದ 9 ಕುದುರೆಗಳಲ್ಲಿ 5 ಗೆಲುವು. ಕೆಂಪು ಶಾಯಿಯಲ್ಲಿ ಸುತ್ತ ಗೆರೆ ಎಳೆದೆ. ಆ ಚಳಿಗಾಲ ಅವರ ಅಂತಹ ಪ್ರತಿ ಕುದುರೆಗೂ ಕಟ್ಟಿದೆ. ಸಾಲಾಗಿ 11 ಸೋತವು. ಆಗ ಮನೆಯಲ್ಲಿ ಮಗಳ ಶಾಲೆ ಫೀಸ್ ಕಟ್ಟುವ ತಿಂಗಳು. ಹೆಂಡತಿಗೆ ಹೇಳುವಾಗ ನನಗೆ ತಲೆ ಎತ್ತಲು ಆಗಲಿಲ್ಲ. ಟ್ರೇನರ್ ಏನೂ ತಪ್ಪು ಮಾಡಿರಲಿಲ್ಲ. 9 ಓಟವನ್ನು ನಾನು ಲೆಕ್ಕ ಅಂತ ನಂಬಿದ್ದೆ, ಅಷ್ಟೇ.

50 ಓಟದಲ್ಲಿ 10 ಗೆಲುವು ಅಂದರೆ ಕಾಗದದ ಮೇಲೆ ಶೇ. 20. ಆದರೆ ಅದೃಷ್ಟದ ಏರಿಳಿತ ಲೆಕ್ಕಕ್ಕೆ ತಂದರೆ ಅವರ ನಿಜವಾದ ಮಟ್ಟ ಶೇ. 9ರಿಂದ ಶೇ. 31ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 200 ಓಟದಲ್ಲಿ 40 ಗೆಲುವು ಆದರೂ ಅದೇ ಶೇ. 20, ಆಗ ಅಂತರ ಸುಮಾರು 14ರಿಂದ 26ಕ್ಕೆ ಇಳಿಯುತ್ತದೆ. ಓಟ ನಾಲ್ಕು ಪಟ್ಟಾದರೆ ಅನುಮಾನ ಅರ್ಧ ಆಗುತ್ತದೆ, ಅದಕ್ಕಿಂತ ಬೇಗ ಕರಗುವುದಿಲ್ಲ.

ಇನ್ನೊಂದು ಬಲೆ ಇದೆ, ಇದು ಇನ್ನೂ ಸೂಕ್ಷ್ಮ. 40 ಟ್ರೇನರ್, ಒಬ್ಬೊಬ್ಬರಿಗೆ 10 ಸಂದರ್ಭ ಅಂತ ಪಟ್ಟಿ ಮಾಡಿದರೆ 400 ಮನೆಗಳಾಗುತ್ತವೆ. ಯಾರಿಗೂ ಯಾವ ವಿಶೇಷವೂ ಇಲ್ಲದಿದ್ದರೂ, ಬರೀ ಅದೃಷ್ಟದಿಂದ ನೂರಕ್ಕೆ ಐದರಂತೆ 20 ಮನೆಗಳು ಮಿನುಗುತ್ತವೆ. ನಾವು ನೇರ ಆ 20ಕ್ಕೇ ಹೋಗಿ ಕೈ ಹಾಕುತ್ತೇವೆ. ಅದಕ್ಕೆ ಈಗ ನಾನು ಹೀಗೆ ಮಾಡುತ್ತೇನೆ: ಎರಡು ಸೀಸನ್ ನೋಡಿ ಒಂದು ರೂಢಿ ಕಂಡರೆ, ಮೂರನೇ ಸೀಸನ್ ಒಂದು ರೂಪಾಯಿಯನ್ನೂ ಕಟ್ಟದೆ ಪುಸ್ತಕದಲ್ಲಿ ಮಾತ್ರ ಬರೆಯುತ್ತೇನೆ. ಅಲ್ಲೂ ನಿಂತರೆ ಆಮೇಲೆ ಮಾತು. ಹೆಚ್ಚಿನವು ನಿಲ್ಲುವುದಿಲ್ಲ.

ಕಾರಣ ಹೇಳಲಾಗದ ರೂಢಿಯನ್ನು ನಾನು ಬರೆಯುವುದೇ ಇಲ್ಲ. ‘ಶನಿವಾರ ಐದನೇ ರೇಸಿನಲ್ಲಿ ಇವರು ಗೆಲ್ಲುತ್ತಾರೆ’ ಅಂದರೆ ಯಾಕೆ ಅಂತ ಕೇಳಿಕೊಳ್ಳಬೇಕು. ಉತ್ತರ ಇಲ್ಲದಿದ್ದರೆ ಅದು ಕಾಕತಾಳೀಯ.

ಯಾವ ಯಾವ ಸಂದರ್ಭ ಬೇರೆ ಬೇರೆ ಬರೆಯಬೇಕು?

ಟ್ರೇನರ್ ತಮ್ಮ ತಲೆ ಓಡಿಸುವ ಜಾಗಗಳನ್ನು ಮಾತ್ರ.

ಮೊದಲನೆಯದು ಕುದುರೆಯ ಮೊಟ್ಟಮೊದಲ ಓಟ. ಕುದುರೆಯ ಹಿಂದಿನ ದಾಖಲೆ ಏನೂ ಇರುವುದಿಲ್ಲ. ತಳಿ, ಬೆಳಗಿನ ಟ್ರ್ಯಾಕ್ ಸಮಯ, ಟ್ರೇನರ್ ರೂಢಿ, ಇವಿಷ್ಟೇ ಆಧಾರ. ಇಲ್ಲಿ ಟ್ರೇನರ್ ಲೆಕ್ಕದ ಬೆಲೆ ಉಳಿದ ಕಡೆಗಿಂತ ಜಾಸ್ತಿ.

ಎರಡನೆಯದು ಬಿಡುವಿನ ನಂತರದ ಓಟ. ನಾನು 60 ದಿನ, 120 ದಿನ ಅಂತ ಎರಡು ಗೆರೆ ಹಾಕಿಕೊಂಡಿದ್ದೇನೆ. ಬಿಡುವಿನ ನಂತರದ ಮೊದಲ ಓಟ ಬೇರೆ, ಎರಡನೇ ಓಟ ಬೇರೆ ಬರೆಯಿರಿ. ಮೊದಲನೆಯದರಲ್ಲಿ ಆರನೇ ಸ್ಥಾನ ಬಂದ ಕುದುರೆಯನ್ನು ಜನ ಕೈಬಿಡುತ್ತಾರೆ. ಓಡಿಸಿ ಹದ ಮಾಡುವ ರೂಢಿಯ ಟ್ರೇನರ್ ಆದರೆ ಎರಡನೇ ಓಟದಲ್ಲಿ ಅದೇ ಕುದುರೆ ಬೇರೆಯೇ ಆಗಿ ಬರಬಹುದು, ಭಾವವೂ ದೊಡ್ಡದಿರುತ್ತದೆ. ಹತ್ತು ವರ್ಷದಲ್ಲಿ ನನ್ನ ಮೂರನೇ ಸೀಸನ್ ಪರೀಕ್ಷೆಯಲ್ಲಿ ನಿಂತ ಕೆಲವೇ ರೂಢಿಗಳಲ್ಲಿ ಹೆಚ್ಚಿನವು ಈ ಜಾತಿಯವು.

ಮೂರನೆಯದು ವರ್ಗ ಬದಲಾಗುವುದು. ನಮ್ಮಲ್ಲಿ ಬಹಳಷ್ಟು ರೇಸ್‌ಗಳು ಹ್ಯಾಂಡಿಕ್ಯಾಪ್. ಕುದುರೆಗೆ ಒಂದು ರೇಟಿಂಗ್ ಇರುತ್ತದೆ, ಅದಕ್ಕೆ ತಕ್ಕ ತೂಕ ಹೊರಬೇಕು. ಗೆದ್ದರೆ ರೇಟಿಂಗ್ ಏರುತ್ತದೆ, ಸೋಲುತ್ತಾ ಹೋದರೆ ಇಳಿಯುತ್ತದೆ. ಇಳಿದ ಕುದುರೆ ಕೆಳಗಿನ ವರ್ಗಕ್ಕೆ ಬಂದಾಗ ಕೆಲವು ಟ್ರೇನರ್‌ಗಳ ಕುದುರೆ ಅಲ್ಲಿ ಎದ್ದು ನಿಲ್ಲುತ್ತದೆ. ಕೆಲವರದ್ದು ಇಳಿಯುತ್ತಲೇ ಹೋಗುತ್ತದೆ. ಇಲ್ಲಿ ಬೇಗ ಅನುಮಾನ ಪಡಬೇಡಿ. ಬೇಕಂತಲೇ ಹಿಂದೆ ಹಿಡಿದರೆ ವಿಚಾರಣೆ ಮಾಡಲು ಕ್ಲಬ್ಬಿನ ಅಧಿಕಾರಿಗಳಾದ ಸ್ಟಿವರ್ಡ್‌ಗಳಿದ್ದಾರೆ, ಓಟದ ವಿಡಿಯೊ ಇದೆ. ನೋವು, ವಯಸ್ಸು, ಮಳೆ, ಹೀಗೆ ಸಾವಿರ ಕಾರಣಕ್ಕೆ ಕುದುರೆ ಸೋಲುತ್ತದೆ.

ದೂರ ಬದಲಾದಾಗ, ಮೊದಲ ಸಲ ಬ್ಲಿಂಕರ್ (ಅಕ್ಕಪಕ್ಕ ಕಾಣದಂತೆ ಕಣ್ಣಿಗೆ ಹಾಕುವ ಮರೆ) ಹಾಕಿದಾಗ, ಬೇರೆ ಲಾಯದಿಂದ ಕುದುರೆ ಬಂದಾಗ, ಇವನ್ನೂ ಬರೆಯಬಹುದು. ಆದರೆ ಓಟಗಳು ತೀರಾ ಕಡಿಮೆ ಸಿಗುತ್ತವೆ.

ಒಂದೇ ರೇಸಿನಲ್ಲಿ ಒಬ್ಬ ಟ್ರೇನರ್‌ನ ಎರಡು ಕುದುರೆ ಇದ್ದರೆ?

ಲಾಯದ ಮುಖ್ಯ ಜಾಕಿ ಯಾವುದನ್ನು ಹತ್ತಿದರು ಅಂತ ಎಲ್ಲರೂ ನೋಡುತ್ತಾರೆ. ಸೂರಜ್ ನರೇಡು ಅಂತಹ ಜಾಕಿ ಒಂದರ ಮೇಲೆ ಕೂತರೆ ದುಡ್ಡೆಲ್ಲಾ ಆ ಕಡೆ ಹರಿಯುತ್ತದೆ. ಇನ್ನೊಂದರ ಭಾವ ಊದಿಕೊಳ್ಳುತ್ತದೆ. ಆ ‘ಎರಡನೇ ಕುದುರೆ’ಗಳದ್ದೇ ಒಂದು ಕಾಲಂ ಮಾಡಿ. ಬೇಸರ ತರಿಸುವ ಕೆಲಸ, ಆದರೆ ಜನ ನೋಡದ ಜಾಗ.

ಬೆಂಗಳೂರು ಲೆಕ್ಕ ಮೈಸೂರಿಗೆ ನಡೆಯುತ್ತದೆಯಾ?

ಸೇರಿಸಬೇಡಿ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಬೇಸಿಗೆ ಸೀಸನ್ ಒಂದು, ಚಳಿಗಾಲದ ಸೀಸನ್ ಒಂದು. ಮೈಸೂರಿನ ಮುಖ್ಯ ಸೀಸನ್ ಇವೆರಡರ ನಡುವೆ, ಮಳೆಗಾಲದಿಂದ ದಸರಾ ಆಸುಪಾಸಿಗೆ. ಮೈಸೂರು ರೇಸ್ ಕ್ಲಬ್ 1891ರದ್ದು, ಚಾಮುಂಡಿ ಬೆಟ್ಟದ ಬುಡದಲ್ಲಿದೆ. ನೆಲ ಬೇರೆ, ತಿರುವು ಬೇರೆ, ಮಳೆ ಬೇರೆ. ಬೆಂಗಳೂರಿನ ಕೆಲವು ಟ್ರೇನರ್‌ಗಳು ಅಲ್ಲಿಗೆ ಆರಿಸಿ ಕೆಲವೇ ಕುದುರೆ ಕಳಿಸುತ್ತಾರೆ, ಕೆಲವರು ತುಂಬಾ ಕಳಿಸುತ್ತಾರೆ. ಪ್ರಯಾಣ ಮಾಡಿ ಬಂದ ಕುದುರೆಗೆ ಪ್ರತ್ಯೇಕ ಗುರುತು ಹಾಕಿ.

ತೆರಿಗೆ ಎಷ್ಟು? ಅದು ಲೆಕ್ಕವನ್ನು ಅಷ್ಟು ಬದಲಿಸುತ್ತದೆಯಾ?

ಬದಲಿಸುತ್ತದೆ ಅಲ್ಲ, ತಲೆಕೆಳಗು ಮಾಡುತ್ತದೆ. ಇದೊಂದು ಉತ್ತರವನ್ನು ದಯವಿಟ್ಟು ನಿಧಾನವಾಗಿ ಓದಿ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ರೇಸ್ ಬಾಜಿಗೆ ಶೇ. 28 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಬುಕ್ಕಿಯ ಲಾಭದ ಮೇಲಲ್ಲ, ನೀವು ಕಟ್ಟುವ ಪೂರ್ತಿ ಮೊತ್ತದ ಮೇಲೆ. ಮೇಲಿಂದ ಸೇರಿಸಿ ವಸೂಲಿ ಮಾಡಲಿ, ಎಲ್ಲರ ಬಾಜಿ ದುಡ್ಡು ಸೇರುವ ಪೂಲ್ ಒಳಗಿಂದ ತೆಗೆಯಲಿ, ಹೋಗುವುದು ನಮ್ಮ ಜೇಬಿನಿಂದ. ಕುದುರೆ ಮೇಲೆ 100 ರೂಪಾಯಿ ಕೂರಬೇಕಾದರೆ ಕೈಯಿಂದ 140 ಬಿಡಬೇಕು ಅಂತ ಇಟ್ಟುಕೊಳ್ಳಿ.

5ರಲ್ಲಿ 1 ಗೆಲ್ಲುವ ಕುದುರೆಗಳನ್ನು ಆರಿಸುವ ಜಾಣ್ಮೆ ನಿಮಗಿದೆ. ತೆರಿಗೆ ಇಲ್ಲದಿದ್ದರೆ 4ಕ್ಕೆ 1 ಭಾವ ಸಿಕ್ಕರೆ ಅಸಲು ಉಳಿಯುತ್ತದೆ. ತೆರಿಗೆ ಸೇರಿದರೆ ಐದು ಬಾಜಿಗೆ 700 ಹೋಗುತ್ತದೆ. ಗೆದ್ದ ಒಂದೇ ಕುದುರೆ 700 ವಾಪಸ್ ತರಬೇಕು. ಅಂದರೆ 6ಕ್ಕೆ 1 ಬೇಕು. 3ರಲ್ಲಿ 1 ಗೆಲ್ಲುವ ಫೇವರಿಟ್ ಆದರೆ 2ಕ್ಕೆ 1 ಇದ್ದದ್ದು 3.2ಕ್ಕೆ 1 ಆಗಬೇಕು. ಅಂತಹ ಭಾವ ಎಲ್ಲಿ ಸಿಗುತ್ತದೆ?

ಮೇಲೆ 3,000 ಲಾಭ ತೋರಿಸಿದ ಟ್ರೇನರ್ ನೆನಪಿದೆಯಲ್ಲಾ? 100 ಓಟಕ್ಕೆ ಈಗ 10,000 ಅಲ್ಲ, 14,000 ಹೋಗುತ್ತದೆ. ಬರುವುದು ಅದೇ 13,000. ಲಾಭ ಹೋಗಿ 1,000 ನಷ್ಟ. ಟ್ರೇನರ್ ಅದೇ, ಕುದುರೆಗಳು ಅವೇ, ನಿಮ್ಮ ಜಾಣ್ಮೆಯೂ ಅದೇ.

ಇಷ್ಟಕ್ಕೇ ಮುಗಿಯುವುದಿಲ್ಲ. ಒಂದು ಗೆಲುವು 10,000 ರೂಪಾಯಿ ಮೀರಿದರೆ ಶೇ. 30 ಅಲ್ಲೇ ಮುರಿದುಕೊಂಡು ಕೊಡುತ್ತಾರೆ. ಆದಾಯ ತೆರಿಗೆಯೂ ಗೆಲುವಿಗೆ ಶೇ. 30 ದರದಲ್ಲೇ, ಮೇಲೆ ಸೆಸ್. ಸೋತ ಬಾಜಿಗಳನ್ನು ಗೆಲುವಿನಿಂದ ಕಳೆಯಲು ಕಾನೂನು ಬಿಡುವುದಿಲ್ಲ. ಮಂಡಿ ವ್ಯಾಪಾರದಲ್ಲಿ ಒಂದು ಲಾರಿ ನಷ್ಟವನ್ನು ಇನ್ನೊಂದು ಲಾರಿ ಲಾಭದಲ್ಲಿ ಕಳೆಯುತ್ತೇವೆ, ಇಲ್ಲಿ ಆ ದಾರಿ ಇಲ್ಲ.

ಯಾರಾದರೂ ‘ನನ್ನ ಟ್ರೇನರ್ ಸಿಸ್ಟಮ್ ಶೇ. 15 ಲಾಭ ಕೊಡುತ್ತದೆ’ ಅಂದರೆ ಮೊದಲು ಕೇಳಿ: ತೆರಿಗೆ ಸೇರಿಸಿಯಾ, ಬಿಟ್ಟಾ?

ಬೆಳಗಿನ ಟ್ರ್ಯಾಕ್ ನೋಡುವುದರಿಂದ ಪ್ರಯೋಜನ ಇದೆಯಾ?

ಒಮ್ಮೆಯಾದರೂ ನೋಡಿ. ದಾವಣಗೆರೆಯಿಂದ ರಾತ್ರಿ ರೈಲಿಗೆ ಹತ್ತಿದರೆ ನಸುಕಿಗೆ ಬೆಂಗಳೂರು. ನಾನು ಮೊದಲ ಸಲ ಬೆಳಗಿನ ಓಟ ನೋಡಿದ್ದು ಒಂದು ಡಿಸೆಂಬರಿನಲ್ಲಿ, ಪರಿಚಯದವರೊಬ್ಬರ ಜೊತೆ. ಮಂಜು ಇತ್ತು. ಕುದುರೆ ಕಾಣುವ ಮೊದಲು ಸದ್ದು ಬಂತು, ಒದ್ದೆ ನೆಲದ ಮೇಲೆ ಗೊರಸಿನ ಸದ್ದು, ಅದರ ಜೊತೆ ಉಸಿರಿನ ಸದ್ದು. ಮೂಗಿನಿಂದ ಹೊಗೆ ಬಿಡುತ್ತಾ ಒಂದು ಕಂದು ಹೆಣ್ಣು ಕುದುರೆ ನಮ್ಮ ಮುಂದೆ ಹಾದುಹೋಯಿತು. ಸವಾರ ಲಗಾಮು ಎಳೆದೇ ಕೂತಿದ್ದ, ಕುದುರೆ ಮಾತ್ರ ‘ಬಿಡು, ಬಿಡು’ ಅನ್ನುವ ಹಾಗೆ ಕತ್ತು ಚಾಚುತ್ತಿತ್ತು. ಮಾರನೇ ದಿನ ಪೇಪರಿನಲ್ಲಿ ಅದರ ಹೆಸರಿನ ಮುಂದೆ 600 ಮೀಟರ್, 40 ಸೆಕೆಂಡ್ ಅಂತ ಒಂದು ಸಾಲು. ಪಕ್ಕದಲ್ಲೇ ಇನ್ನೊಂದು ಕುದುರೆಗೂ 40. ಆದರೆ ಅದು ಚಾವಟಿ ತಿಂದು 40ರಲ್ಲಿ ಬಂದದ್ದು, ಇದು ತಡೆದರೂ 40ರಲ್ಲಿ ಬಂದದ್ದು. ಅಂಕಿ ಒಂದೇ, ಕುದುರೆ ಬೇರೆ. ಅವತ್ತಿನಿಂದ ನನ್ನ ಪುಸ್ತಕದಲ್ಲಿ ಕೊನೆಯ ಕಾಲಂ ‘ಕಣ್ಣಿಗೆ ಕಂಡದ್ದು’ ಅಂತ ಇದೆ.

ಲೆಕ್ಕ ಗೊತ್ತಿದ್ದರೆ ಸಾಕಾ, ಕುದುರೆಯೂ ಗೊತ್ತಿರಬೇಕಾ?

ನಳನ ಕಥೆ ನಮಗೆಲ್ಲಾ ಗೊತ್ತು. ಪಗಡೆಯಲ್ಲಿ ರಾಜ್ಯ ಕಳೆದುಕೊಂಡು ಬಾಹುಕನಾಗಿ ಋತುಪರ್ಣನ ರಥ ಓಡಿಸುತ್ತಾನೆ. ದಾರಿಯಲ್ಲಿ ಋತುಪರ್ಣ ಒಂದು ತಾರೆ ಮರ ನೋಡಿ ಅದರ ಎಲೆ, ಕಾಯಿ ಎಷ್ಟು ಅಂತ ಹೇಳಿಬಿಡುತ್ತಾನೆ. ನಳ ನಂಬುವುದಿಲ್ಲ, ರಥ ನಿಲ್ಲಿಸಿ ಎಣಿಸಿಯೇ ನೋಡುತ್ತಾನೆ. ಲೆಕ್ಕ ಸರಿ ಇರುತ್ತದೆ. ಆಮೇಲೆ ಇಬ್ಬರೂ ವಿದ್ಯೆ ಬದಲಾಯಿಸಿಕೊಳ್ಳುತ್ತಾರೆ, ನಳನಿಂದ ಅಶ್ವಹೃದಯ, ಋತುಪರ್ಣನಿಂದ ಅಕ್ಷಹೃದಯ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ ನಳ ಎಣಿಸಲು ಇಳಿಯುವುದು. ಕುದುರೆ ಬಲ್ಲವನಿಗೂ ಎಣಿಕೆ ಬೇಕಾಯಿತು, ಎಣಿಕೆ ಬಲ್ಲವನಿಗೂ ಕುದುರೆ ಬೇಕಾಯಿತು.

ಒಂದು ಬಾಜಿಗೆ ಎಷ್ಟು ಕಟ್ಟಬೇಕು?

ಕಳೆದುಕೊಂಡರೂ ಮನೆಗೆ ಪೆಟ್ಟು ಬೀಳದ ಒಂದು ಮೊತ್ತವನ್ನು ಸೀಸನ್ ಶುರುವಿನಲ್ಲೇ ಪಕ್ಕಕ್ಕೆ ಇಡಿ. ಒಂದು ಬಾಜಿಗೆ ಅದರ ನೂರರಲ್ಲಿ ಒಂದು ಭಾಗ. 10,000 ಇಟ್ಟಿದ್ದರೆ ತೆರಿಗೆ ಸೇರಿ 100. ಸೋತಾಗ ದುಪ್ಪಟ್ಟು ಮಾಡುವುದು ಬೇಡವೇ ಬೇಡ.

ಯಾಕೆ ಇಷ್ಟು ಸಣ್ಣದು ಅಂದರೆ, 5ರಲ್ಲಿ 1 ಗೆಲ್ಲುವವರಿಗೂ ಸಾಲಾಗಿ 10 ಸೋಲು ಬರುವ ಸಾಧ್ಯತೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ. 200 ಬಾಜಿ ಆಡುವಷ್ಟರಲ್ಲಿ ಎಲ್ಲೋ ಒಂದು ಕಡೆ ಸಾಲಾಗಿ 15, 16 ಸೋಲು ಬರುವುದು ತೀರಾ ಮಾಮೂಲು. ಆ ಹೊತ್ತಿನಲ್ಲಿ ಮನಸ್ಸು ‘ಸಿಸ್ಟಮ್ ಕೆಟ್ಟಿದೆ’ ಅನ್ನುತ್ತದೆ, ಇಲ್ಲವೇ ‘ಈ ಸಲ ಬಂದೇ ಬರುತ್ತದೆ’ ಅನ್ನುತ್ತದೆ. ಎರಡನೆಯ ಮಾತೇ ಹೆಚ್ಚು ಅಪಾಯ. ಕುದುರೆ ಬಾಲಕ್ಕೆ ದುಡ್ಡು ಕಟ್ಟಿದ ಅಂತ ನಮ್ಮ ಕಡೆ ಹೇಳುವುದು ಆ ಸ್ಥಿತಿಗೆ ಬಂದವರನ್ನು ನೋಡಿಯೇ.

ಜಾಕ್‌ಪಾಟ್, ತನಾಲಾಗೆ ಟ್ರೇನರ್ ಲೆಕ್ಕ ಬರುತ್ತದೆಯಾ?

ಜಾಕ್‌ಪಾಟ್ ಅಂದರೆ ಐದು ರೇಸಿನಲ್ಲಿ ಗೆಲ್ಲುವ ಕುದುರೆ ಹೇಳುವುದು, ತನಾಲಾ ಅಂದರೆ ಒಂದು ರೇಸಿನ ಮೊದಲ ಮೂರು ಸ್ಥಾನ ಕ್ರಮವಾಗಿ ಹೇಳುವುದು. ನಾನು ವಿನ್, ಅಂದರೆ ಬರೀ ಗೆಲ್ಲುವ ಕುದುರೆಗೆ ಕಟ್ಟುವುದು, ಬಿಟ್ಟು ಬೇರೆ ಆಡುವುದಿಲ್ಲ. ಒಂದು ಅಂದಾಜೇ ಕಷ್ಟ. ಮೂರು, ಐದು ಅಂದಾಜು ಒಟ್ಟಿಗೆ ಸರಿ ಬರಬೇಕಾದ ಆಟದಲ್ಲಿ ಲೆಕ್ಕ ಇಡಲು ಒಂದು ಜನ್ಮ ಸಾಲದು.

ಕಂಪ್ಯೂಟರ್ ಬಳಸಿ ಗೆದ್ದವರಿದ್ದಾರಂತಲ್ಲಾ?

ಇದ್ದಾರೆ. ಹಾಂಗ್‌ಕಾಂಗ್‌ನಲ್ಲಿ ಬಿಲ್ ಬೆಂಟರ್ ಅನ್ನುವ ಅಮೆರಿಕದವರು ದೊಡ್ಡದಾಗಿ ಗೆದ್ದರು, ತಮ್ಮ ವಿಧಾನವನ್ನು 1994ರಲ್ಲಿ ಬರೆದೂ ಪ್ರಕಟಿಸಿದರು. ಅದರಲ್ಲಿ ನಾನು ಕಲಿತದ್ದು ಒಂದು ಮಾತು: ಅವರು ತಮ್ಮ ಲೆಕ್ಕವನ್ನು ಮಾತ್ರ ನಂಬಲಿಲ್ಲ, ಜನರ ಭಾವವನ್ನೂ ಅದರೊಳಗೆ ಬೆರೆಸಿದರು. ಭಾವದಲ್ಲಿ ನಮಗೆ ಗೊತ್ತಿಲ್ಲದ ಸುದ್ದಿ ಇರುತ್ತದೆ. ಆದರೆ ಅಲ್ಲಿ ಪೂಲ್ ದೊಡ್ಡದು. ನಮ್ಮಲ್ಲಿ ಟೋಟ್ (ಕ್ಲಬ್ಬೇ ನಡೆಸುವ ಬಾಜಿ) ಪೂಲ್ ಎಷ್ಟೋ ಸಣ್ಣದು, ದೊಡ್ಡ ಮೊತ್ತ ಹಾಕಿದರೆ ನಿಮ್ಮ ದುಡ್ಡೇ ನಿಮ್ಮ ಡಿವಿಡೆಂಡ್ (ಗೆದ್ದಾಗ ಸಿಗುವ ಪಾಲು) ಇಳಿಸುತ್ತದೆ.

ನಮ್ಮ ಪುಸ್ತಕದ ಲೆಕ್ಕಕ್ಕೆ ಎಕ್ಸೆಲ್ ಗೊತ್ತಿದ್ದರೆ ಸಾಕು, ಅದರಲ್ಲೇ ಎಲ್ಲಾ ಆಗುತ್ತದೆ.

ವಾಟ್ಸಾಪ್ ಟಿಪ್ಸ್ ಗ್ರೂಪಿನವರು ‘ಲಾಯದ ಒಳಗಿನ ಸುದ್ದಿ’ ಅನ್ನುತ್ತಾರೆ. ಸೇರಬಹುದಾ?

ಬೇಡ. ಅವರ ಕಳೆದ ಸೀಸನ್ನಿನ ಎಲ್ಲಾ ಟಿಪ್ಸ್, ಸೋತದ್ದೂ ಸೇರಿ, ದಿನಾಂಕ ಮತ್ತು ಭಾವದ ಜೊತೆ ಕೇಳಿ ನೋಡಿ. ಈವರೆಗೆ ನನಗೆ ಯಾರೂ ಕೊಟ್ಟಿಲ್ಲ.

ಊರಲ್ಲೇ ಯಾರೋ ಫೋನಿನಲ್ಲಿ ಬಾಜಿ ತಗೊಳ್ತಾರೆ, ತೆರಿಗೆಯೂ ಇಲ್ಲ. ಅದು ಲಾಭ ಅಲ್ವಾ?

ಅದು ಅಪರಾಧ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟ ಅಂತ ಹೇಳಿದ್ದು ನಿಜ. ಹಾಗಂತ ಯಾರು ಎಲ್ಲಿ ಬೇಕಾದರೂ ಬಾಜಿ ಹಿಡಿಯಬಹುದು ಅಂತಲ್ಲ. ಲೈಸೆನ್ಸ್ ಇರುವ ಕ್ಲಬ್, ಅಲ್ಲಿನ ಟೋಟ್, ಅಲ್ಲಿನ ಲೈಸೆನ್ಸ್ ಇರುವ ಬುಕ್ಕಿ, ಇಷ್ಟೇ. ಫೋನಿನವನು ಸಾಲಕ್ಕೂ ಬಾಜಿ ಹಿಡಿಯುತ್ತಾನೆ. ಪಿ.ಬಿ. ರಸ್ತೆಯಲ್ಲಿ ಅಂಗಡಿ ಇದ್ದ ನನ್ನ ಗೆಳೆಯನೊಬ್ಬನ ಅಂಗಡಿ ಹೋದದ್ದು ಹಾಗೆ. ಅವನಿಗೆ ಕುದುರೆ ಚೆನ್ನಾಗಿಯೇ ಗೊತ್ತಿತ್ತು.

ನಿಮಗೆ ಲಾಭ ಬಂದಿದೆಯಾ?

ಎಲ್ಲರೂ ಕೊನೆಗೆ ಕೇಳುವುದು ಇದನ್ನೇ. ತೆರಿಗೆ ಬಿಟ್ಟು ನೋಡಿದರೆ ನನ್ನ ಕೆಲವು ರೂಢಿಗಳು ಹಲವು ಸೀಸನ್ ಲಾಭದಲ್ಲಿ ನಿಂತಿವೆ. ಶೇ. 28 ಸೇರಿಸಿದಾಗ ಹೆಚ್ಚಿನವು ಬಿದ್ದವು. ಶೇ. 40 ಬಂದ ಮೇಲೆ ಒಂದೂ ಉಳಿದಿಲ್ಲ. ಹಾಗಾಗಿ ಈಗ ಸೀಸನ್ನಿಗೆ ಬೆರಳೆಣಿಕೆಯ ಬಾಜಿ, ಅದೂ ಸಣ್ಣದು. ಉಳಿದದ್ದೆಲ್ಲಾ ಪುಸ್ತಕದಲ್ಲೇ.

ಆದರೂ ಲೆಕ್ಕ ಬರೆಯುವುದು ಬಿಟ್ಟಿಲ್ಲ. ಒಬ್ಬ ಟ್ರೇನರ್ ಮೊಣಕಾಲು ನೋವಿನ ಕುದುರೆಯನ್ನು ಎಂಟು ತಿಂಗಳು ಕಾಯಿಸಿ, ಎರಡನೇ ಓಟಕ್ಕೆ ಗೆಲ್ಲಿಸುವುದನ್ನು ಮೊದಲೇ ಊಹಿಸಿ, ಅದು ಹಾಗೇ ಆದಾಗ ಬರುವ ಖುಷಿ ದೊಡ್ಡದು. ಅದಕ್ಕೆ ದುಡ್ಡು ಕಟ್ಟಿರಲೇಬೇಕು ಅಂತಿಲ್ಲ.

ಬಿಡಬೇಕು ಅಂತಿದೆ, ಆಗುತ್ತಿಲ್ಲ. ಏನು ಮಾಡಲಿ?

ಮನೆಯಲ್ಲಿ ಒಬ್ಬರಿಗೆ ಇವತ್ತೇ ಹೇಳಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಬೇಡ. ನನ್ನ ಗೆಳೆಯ ಮೂರು ವರ್ಷ ಮೊದಲು ಮಾಡಬೇಕಿದ್ದ ಫೋನ್ ಅದು.

ನಾನೂ ಪುಸ್ತಕ ಶುರು ಮಾಡಬೇಕು. ಕಾಲಂ ಹೇಗೆ ಹಾಕಲಿ?

ಉದ್ದ ಹಾಳೆಯ ಲೆಡ್ಜರ್ ತಗೊಳ್ಳಿ, ಒಬ್ಬ ಟ್ರೇನರ್‌ಗೆ ಹತ್ತು ಹಾಳೆ ಬಿಡಿ. ದಿನಾಂಕ, ಊರು, ಕುದುರೆ, ದೂರ, ವರ್ಗ, ಹಿಂದಿನ ಓಟದಿಂದ ಎಷ್ಟು ದಿನ, ಜಾಕಿ, ರೇಸ್ ಶುರುವಾಗುವ ಹೊತ್ತಿನ ಭಾವ, ಭಾವದ ಅಂದಾಜು, ಸ್ಥಾನ, ಕಣ್ಣಿಗೆ ಕಂಡದ್ದು. ರೇಸ್ ಕಾರ್ಡ್, ಫಲಿತಾಂಶ, ವಿಡಿಯೊ ಕ್ಲಬ್ಬಿನ ವೆಬ್‌ಸೈಟಿನಲ್ಲಿ ಸಿಗುತ್ತವೆ. ಗೆದ್ದ ಕುದುರೆ ಮಾತ್ರ ಬರೆದು ಸೋತವನ್ನು ಬಿಟ್ಟರೆ ಪುಸ್ತಕ ಸುಳ್ಳು ಹೇಳುತ್ತದೆ, ಎಲ್ಲವನ್ನೂ ಬರೆಯಿರಿ. ರೇಸ್ ಮುಗಿದ ರಾತ್ರಿಯೇ ಬರೆಯಿರಿ. ಮೂರು ದಿನ ಬಿಟ್ಟು ಕೂತರೆ ಭಾವ ಎಷ್ಟಿತ್ತು ಅಂತ ಹುಡುಕುವುದೇ ದೊಡ್ಡ ಕೆಲಸ ಆಗುತ್ತದೆ. ಮೊದಲ ವರ್ಷ ಐದು ಟ್ರೇನರ್ ಸಾಕು.